ಸೌದೆ ಡಿಪೋ ತಕ್ಕಡಿಯಲ್ಲಿ ಅಪ್ಪ

ಜಯನಗರದ ನಮ್ಮ ಬೀದಿಯಲ್ಲಿ ಒಬ್ಬ ಗಂಡಸು ಉದ್ಧಾರವಾಗಿದ್ದಾನೋ ಇಲ್ಲವೋ ಎಂದು ತಿಳಿಯಲು ಅವನ ಸಂಬಳ ಕೇಳಬೇಕಾಗಿರಲಿಲ್ಲ, ಸೊಂಟ ನೋಡಿದರೆ ಸಾಕಿತ್ತು. ಪಂಚೆಯ ಗಂಟು ಹೊಕ್ಕುಳ ಮೇಲೆ ನಿಂತಿದ್ದರೆ ಗುಮಾಸ್ತ. ಹೊಕ್ಕುಳ ಕೆಳಗೆ ಜಾರಿದ್ದರೆ ಹೆಡ್ ಗುಮಾಸ್ತ. ಗಂಟು ಎಲ್ಲಿದೆ ಎಂದು ಅವನಿಗೇ ಬಗ್ಗಿ ನೋಡಲು ಆಗದಿದ್ದರೆ ಗೆಜೆಟೆಡ್ ಅಧಿಕಾರಿ. ಅಂಥವರು ಸಂಜೆ ಗೇಟಿನ ಹತ್ತಿರ ನಿಂತರೆ ಹೋಗುವವರು ಬರುವವರೆಲ್ಲ ಕೈ ಮುಗಿಯುತ್ತಿದ್ದರು. ತೆಳ್ಳಗಿದ್ದವನನ್ನು ಕಂಡರೆ ಮಾತ್ರ "ಏನ್ ಸ್ವಾಮಿ, ಮೈಯಲ್ಲಿ ಹುಷಾರಿಲ್ವೇ?" ಎಂದು ಕೇಳಿ, ಅವನು "ಚೆನ್ನಾಗಿದೀನಿ" ಎಂದರೂ ನಂಬದೆ ತಲೆ ಆಡಿಸುತ್ತ ಹೋಗುತ್ತಿದ್ದರು.

ನಮ್ಮಪ್ಪ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತ, ಗುಮಾಸ್ತನಿಗೆ ತಕ್ಕ ಮೈ. ಐವತ್ತರ ದಶಕದ ನಡುವಿನಲ್ಲಿ, ನನಗೆ ಒಂಬತ್ತು ವರ್ಷವಿದ್ದಾಗ, ಅವನಿಗೆ ಟೈಫಾಯ್ಡ್ ಬಂತು. ಗಂಜಿ ಕುಡಿದು ಮಲಗಿದ ಅಪ್ಪ ತಿಂಗಳಾದರೂ ಏಳಲಿಲ್ಲ. ನಮ್ಮಜ್ಜಿ, ಅಂದರೆ ಅಪ್ಪನ ಅಮ್ಮ, ಬೀದಿಯ ಕೊನೆಯ ಗಣಪತಿ ಗುಡಿಗೆ ಹೋಗಿ ಹರಕೆ ಹೊತ್ತಳು. ಮಗ ಎದ್ದು ಕೂತರೆ ಅವನನ್ನು ತಕ್ಕಡಿಯಲ್ಲಿ ಕೂರಿಸಿ, ಅವನ ತೂಕದಷ್ಟು ಬೆಲ್ಲ ತೂಗಿ ದೇವರಿಗೆ ಒಪ್ಪಿಸುವುದು. ತುಲಾಭಾರ. ಡೊಳ್ಳುಹೊಟ್ಟೆಯ ದೇವರಿಗೆ ಬೆಲ್ಲದ ಆಸೆ ತೋರಿಸಿದರೆ ಬೇಡ ಅನ್ನುತ್ತಾನೆಯೆ? ಅಪ್ಪ ಎದ್ದು ಕೂತ.

ಅಮ್ಮ ಆ ವಾರವೇ ಅಂದಳು, "ಅತ್ತೆ, ಶುಕ್ರವಾರ ಚೆನ್ನಾಗಿದೆ. ಹರಕೆ ತೀರಿಸಿಬಿಡೋಣ."

ಅಜ್ಜಿ ಹೌಹಾರಿದಳು. "ಈ ಕಡ್ಡೀನಾ? ಟೈಫಾಯ್ಡು ತಿಂದು ಮಿಗಿಸಿರೋದನ್ನ ತಗೊಂಡ್ಹೋಗಿ ದೇವರ ಮುಂದೆ ತೂಗಿಸೋದೇ? ನಾನು ಹರಕೆ ಹೊತ್ತಿದ್ದು ನನ್ನ ಮಗನ ತೂಕಕ್ಕೆ ಕಣೇ, ಅವನ ಎಲುಬಿನ ತೂಕಕ್ಕಲ್ಲ. ದೇವರಿಗೆ ಮೋಸ ಮಾಡಿದ ಹಾಗಾಗುತ್ತೆ. ಮೈ ತುಂಬ್ಕೊಳ್ಳಿ, ಆಮೇಲೆ."

ಇದು ಪ್ರಾಮಾಣಿಕತೆಯ ಮಾತು. ಬೀದಿಯವರೆಲ್ಲ ಮೆಚ್ಚಿಕೊಂಡರು. ಅಷ್ಟೊಂದು ಮೆಚ್ಚಿಕೊಂಡಿದ್ದರಿಂದಲೇ ಮುಂದಿನ ಹತ್ತು ವರ್ಷ ನಮಗೆ ಯಾರಿಗೂ ಅದರಿಂದ ಬಿಡಿಸಿಕೊಳ್ಳಲು ಆಗಲಿಲ್ಲ.

ಗುಡಿಯಲ್ಲಿ ಮನುಷ್ಯರನ್ನು ತೂಗುವಷ್ಟು ದೊಡ್ಡ ತಕ್ಕಡಿ ಇರಲಿಲ್ಲ. ಅದು ಇದ್ದದ್ದು ತಿಲಕ್ ನಗರದ ಕಡೆಗೆ ಹೋಗುವ ದಾರಿಯ ಸೌದೆ ಡಿಪೋದಲ್ಲಿ. ಆಗೆಲ್ಲ ಮನೆಮನೆಯ ಒಲೆಯೂ ಸೌದೆಯದೇ. ಮೂರು ಗಟ್ಟಿ ಕಂಬ ಕೂಡಿಸಿ ಕಟ್ಟಿ, ಸರಪಳಿಯಲ್ಲಿ ಎರಡು ಮರದ ತಟ್ಟೆ ತೂಗುಬಿಟ್ಟ ತಕ್ಕಡಿ ಅದು. ಡಿಪೋದವನು ಒಣಕಲು ಮನುಷ್ಯ, ದಿನವಿಡೀ ಕೊಡಲಿ ಹಿಡಿದು ಸೀಳುತ್ತಿದ್ದವನು. ಅವನು ಒಂದು ತುಂಡನ್ನು ಕಾಲಿನಿಂದ ಹೊರಳಿಸಿಯೇ ಅದರ ತೂಕ ಹೇಳುತ್ತಿದ್ದ, ಆಮೇಲೆ ತಕ್ಕಡಿಗೆ ಹಾಕಿದರೆ ಸರಿಯಾಗಿ ಅಷ್ಟೇ ಇರುತ್ತಿತ್ತು.

ಪ್ರತಿವರ್ಷ ದೀಪಾವಳಿ ಕಳೆದ ಮೇಲೆ ಅಜ್ಜಿ ಅಪ್ಪನನ್ನು ಡಿಪೋಗೆ ಕರೆದುಕೊಂಡು ಹೋಗುತ್ತಿದ್ದಳು. ಮಗ ದೇವರಿಗೆ ತೋರಿಸುವಷ್ಟಾಗಿದ್ದಾನೋ ಇಲ್ಲವೋ ಎಂಬ ಪರೀಕ್ಷೆ. ನಾನೂ ಜತೆಗೆ ಹೋಗುತ್ತಿದ್ದೆ, ಅದಕ್ಕಿಂತ ದೊಡ್ಡ ಮಜಾ ನಮ್ಮ ಬ್ಲಾಕಿನಲ್ಲಿ ಬೇರೆ ಇರಲಿಲ್ಲ. ಅಪ್ಪ ಚಪ್ಪಲಿ ಬಿಟ್ಟು, ಕೋಟು ಕಳಚಿ ನನ್ನ ಕೈಗೆ ಕೊಟ್ಟು, ತೊಗಟೆ ಧೂಳು ಅಂಟಿದ ತಟ್ಟೆಯ ಮೇಲೆ ಸಂಕೋಚದಿಂದ ಕೂರುತ್ತಿದ್ದ. ಸೌದೆಗೆ ಬಂದವರು ಸುತ್ತ ನಿಂತು ನೋಡುತ್ತಿದ್ದರು. ಡಿಪೋದವನು ಇನ್ನೊಂದು ತಟ್ಟೆಗೆ ಕಬ್ಬಿಣದ ತೂಕದ ಕಲ್ಲುಗಳನ್ನು ಇಡುತ್ತಿದ್ದ.

ಮೊದಲನೆಯ ವರ್ಷ ನಾಲ್ಕೂವರೆ ಮಣ. ಎರಡನೆಯ ವರ್ಷ ಐದು. ಆಮೇಲೆ ಐದೂಮುಕ್ಕಾಲು. ಡಿಪೋದವನಿಗೆ ಅದೊಂದು ಅಭಿಮಾನದ ವಿಷಯವಾಗಿಬಿಟ್ಟಿತ್ತು. "ಈ ಸಲ ಆರು ದಾಟ್ತೀರಾ ಸ್ವಾಮಿ, ನಾನ್ ಹೇಳ್ತೀನಿ" ಎಂದು ಮುಂಚೆಯೇ ಸಾರಿ, ದಾಟಿದಾಗ ತಾನೇ ತಿನ್ನಿಸಿದವನ ಹಾಗೆ ಸುತ್ತಲಿದ್ದವರನ್ನು ನೋಡುತ್ತಿದ್ದ. ಅಜ್ಜಿ ಮಾತ್ರ ಕಲ್ಲುಗಳ ಕಡೆ ನೋಡುತ್ತಲೇ ಇರಲಿಲ್ಲ. ಅವಳು ನೋಡುತ್ತಿದ್ದದ್ದು ಮಗನ ಮುಖ. "ಇನ್ನೂ ಕತ್ತಿನ ಎಲುಬು ಕಾಣುತ್ತಲ್ಲೋ ಮಗು" ಎನ್ನುತ್ತಿದ್ದಳು. ಕತ್ತೇ ಕಾಣದಂತಾದ ಮೇಲೆ "ಕಣ್ಣು ಒಳಗೆ ಹೋಗಿವೆ" ಎಂದಳು. ಕಣ್ಣು ಇದ್ದಲ್ಲೇ ಇದ್ದವು, ಕೆನ್ನೆಗಳು ಮೇಲೆ ಬಂದಿದ್ದವು.

"ಮುಂದಿನ ವರ್ಷ ನೋಡೋಣ" ಎಂದು ಹೊರಡುತ್ತಿದ್ದಳು.

ಮುಂದಿನ ವರ್ಷಕ್ಕೆ ತಯಾರಿ ಮಾರನೆಯ ಬೆಳಗ್ಗೆಯಿಂದಲೇ ಶುರು. ಕಾಫಿಯ ಜತೆ ಕೋಡುಬಳೆ. ಒಂಬತ್ತೂವರೆಗೆ ತುಪ್ಪದಲ್ಲಿ ಮುಳುಗಿದ ಊಟ. ಕಚೇರಿಗೆ ಡಬ್ಬಿ. ಸಂಜೆ ಬಂದ ಕೂಡಲೇ ಬಿಸಿಯಾಗಿ ಏನಾದರೂ ಕರಿದದ್ದು. ರಾತ್ರಿ ಊಟ. ಮಲಗುವ ಮುಂಚೆ ಬೆಲ್ಲ ಹಾಕಿದ ಹಾಲು. ಅಪ್ಪ ಸಾಕು ಎಂದರೆ ಅಜ್ಜಿಯ ಕಣ್ಣು ತುಂಬುತ್ತಿತ್ತು. "ಅಮ್ಮನ ಮನಸ್ಸು ಯಾಕೆ ನೋಯಿಸೋದು, ಹಾಕು" ಎನ್ನುತ್ತಿದ್ದ ಅಪ್ಪ. ಇದು ಅವನ ಬಾಯಲ್ಲಿ ಎಷ್ಟು ಸಲ ಕೇಳಿದ್ದೇನೆಂದರೆ, ಅದು ಸಾಕು ಎಂಬ ಮಾತಿನ ಮುಂದುವರಿಕೆಯೇ ಎಂದು ನಾನು ಬಹಳ ದಿನ ತಿಳಿದಿದ್ದೆ.

ಎಲ್ಲರಿಗೂ ಬಡಿಸಿ ತಳದಲ್ಲಿ ಉಳಿದದ್ದನ್ನು ಉಣ್ಣುತ್ತಿದ್ದ ಅಮ್ಮನ ಕತ್ತಿನ ಎಲುಬು ಕೊನೆಯವರೆಗೂ ಎದ್ದು ಕಾಣುತ್ತಿತ್ತು. ಅದರ ಬಗ್ಗೆ ಯಾರೂ ಹರಕೆ ಹೊರಲಿಲ್ಲ. ಇದನ್ನು ಬರೆಯುವಾಗ ಈಗಲೂ ನನಗೆ ಸಿಟ್ಟು ಬರುತ್ತದೆ.

ಅಪ್ಪ ದಪ್ಪವಾದ ಹಾಗೆಲ್ಲ ಊರು ಅವನಿಗೆ ಜಾಗ ಬಿಟ್ಟುಕೊಟ್ಟಿತು. ಬಸ್ಸಿನಲ್ಲಿ ಜನ ಎದ್ದು ಸೀಟು ಕೊಡತೊಡಗಿದರು. ಮದುವೆಮನೆಗಳಲ್ಲಿ ಮುಂದಿನ ಸಾಲಿನ ಕುರ್ಚಿ ಸಿಕ್ಕಿತು. ಹೆಡ್ ಗುಮಾಸ್ತಿಕೆಯೂ ಬಂತು, ಅದು ಸೇವಾಹಿರಿತನದಿಂದ ಬಂದದ್ದೆಂದು ಕಾಗದದಲ್ಲಿತ್ತು, ಹೊಟ್ಟೆಯಿಂದ ಬಂದದ್ದೆಂದು ಬೀದಿಯಲ್ಲಿತ್ತು. ಶಾಲೆಯಲ್ಲಿ ನಾನೂ ಜಂಭ ಕೊಚ್ಚುತ್ತಿದ್ದೆ. ನಮ್ಮಪ್ಪ ಹತ್ತಿದರೆ ಜಟಕಾದಲ್ಲಿ ಇನ್ನೊಬ್ಬರಿಗೆ ಜಾಗ ಇರೋಲ್ಲ ಎಂದು ಹೇಳಿಕೊಂಡು, ಬಡಕಲು ಅಪ್ಪಂದಿರ ಮಕ್ಕಳನ್ನು ಅಳಿಸಿದ್ದೇನೆ.

ನಡುವೆ ಸರ್ಕಾರ ಮಣ, ಸೇರುಗಳನ್ನು ತೆಗೆದು ಕೆಜಿ ತಂದಿತು. ಎಂಟು ಮಣವಿದ್ದ ಅಪ್ಪ ಒಂದೇ ಆಜ್ಞೆಯಲ್ಲಿ ತೊಂಬತ್ತಾದ. ಡಿಪೋದವನು ಹೊಸ ಕಲ್ಲು ಇಟ್ಟು "ತೊಂಬತ್ತು!" ಎಂದು ಕೂಗಿದಾಗ ಸುತ್ತ ನಿಂತವರು ಚಪ್ಪಾಳೆ ತಟ್ಟಿದರು. ಇನ್ನೇನು, ಈ ವರ್ಷ ಅಜ್ಜಿ ಒಪ್ಪುತ್ತಾಳೆ ಎಂದು ಅಮ್ಮ ಆಸೆಯಿಂದ ಕಾದಿದ್ದಳು. ಅಜ್ಜಿ ಸರ್ಕಾರದ ಕಲ್ಲುಗಳನ್ನು ಅನುಮಾನದಿಂದ ನೋಡಿ, "ಇದೆಲ್ಲ ಹೊಸ ಲೆಕ್ಕ. ಮುಂದಿನ ವರ್ಷ ನೋಡೋಣ" ಎಂದುಬಿಟ್ಟಳು.

ಆ ಮುಂದಿನ ವರ್ಷ ಬಚ್ಚಲಲ್ಲಿ ಇರುವೆ ಬಂದವು. ಅಪ್ಪ ಒಂದಕ್ಕೆ ಹೋಗಿಬಂದ ಜಾಗಕ್ಕೆಲ್ಲ ಸಾಲುಗಟ್ಟಿ ಮುತ್ತುತ್ತಿದ್ದವು. ಅಮ್ಮ ಬಚ್ಚಲಲ್ಲಿ ಬೆಲ್ಲ ಚೆಲ್ಲಿದ್ದಾಳೆ ಎಂದು ಅಜ್ಜಿ ಒಂದು ವಾರ ಗೊಣಗಿದಳು. ಅಪ್ಪ ಹಗಲೂ ರಾತ್ರಿ ಹಂಡೆಗಟ್ಟಲೆ ನೀರು ಕುಡಿಯುವುದನ್ನು ನೋಡಿದ ಅಮ್ಮ ಮಾತ್ರ ಸುಮ್ಮನಿರದೆ ಅವನನ್ನು ನಮ್ಮ ಬ್ಲಾಕಿನ ಡಾಕ್ಟರ ಹತ್ತಿರ ಎಳೆದುಕೊಂಡು ಹೋದಳು. ಡಾಕ್ಟರು ಗಾಜಿನ ನಳಿಕೆಯಲ್ಲಿ ನೀಲಿ ಔಷಧಿಗೆ ಅಪ್ಪನ ಮೂತ್ರದ ಹನಿ ಬಿಟ್ಟು ದೀಪದ ಮೇಲೆ ಕಾಯಿಸಿದರು. ನೀಲಿ ಹೋಗಿ ಹಸಿರಾಯಿತು, ಹಳದಿಯಾಯಿತು, ಕೊನೆಗೆ ಇಟ್ಟಿಗೆಯ ಕೆಂಪಿಗೆ ನಿಂತಿತು.

"ಸಕ್ಕರೆ ಕಾಯಿಲೆ. ತುಂಬಾ ಇದೆ" ಎಂದರು ಡಾಕ್ಟರು. "ಮೊದಲು ಈ ಮೈ ಇಳಿಸಿ. ಅನ್ನ ಕಮ್ಮಿ ಮಾಡಿ, ಸಿಹಿ ಪೂರ್ತಿ ಬಿಡಿ, ರಾಗಿ ಮುದ್ದೆ ತಿನ್ನಿ. ದಿನಾ ಬೆಳಗ್ಗೆ ನಡೀರಿ. ಇಲ್ದಿದ್ರೆ ಕಣ್ಣು ಹೋಗುತ್ತೆ, ಕಾಲು ಹೋಗುತ್ತೆ. ಹೆದರಿಸ್ತಾ ಇಲ್ಲ, ನೋಡಿದೀನಿ."

ಅಪ್ಪ ಹೆದರಲಿಲ್ಲ. ನಮ್ಮ ಬೀದಿಯಲ್ಲೇ ಇದ್ದ ಅವನ ಕಚೇರಿಯ ಸೂಪರಿಂಟೆಂಡೆಂಟರಿಗೆ ಆಗಲೇ ಸಕ್ಕರೆ ಕಾಯಿಲೆಯಿತ್ತು. ಅಪ್ಪನಿಗೂ ಬಂದ ಸುದ್ದಿ ಕೇಳಿ ಅವರು ಬೆನ್ನು ತಟ್ಟಿ, "ನಿಮಗೂ ಬಂತೇ? ಭೇಷ್!" ಎಂದರಂತೆ. ಬಡಬಗ್ಗರಿಗೆ ಬರುವ ಕಾಯಿಲೆಯಲ್ಲ ಅದು. ಪೇಪರಿನಲ್ಲಿ ದಿನಾ ದೇಶಕ್ಕೆ ಅಕ್ಕಿಯಿಲ್ಲ, ಗೋಧಿಯಿಲ್ಲ ಎಂದು ಬರುತ್ತಿದ್ದ ಕಾಲ. ರೇಷನ್ ಅಂಗಡಿಯ ಮುಂದೆ ಅಮ್ಮ ಬೆಳಗ್ಗೆಯಿಂದ ನಿಲ್ಲುತ್ತಿದ್ದಳು. ಅಂಥ ಬರದಲ್ಲೂ ಉಂಡು ಕಾಯಿಲೆ ತಂದುಕೊಳ್ಳುವುದೆಂದರೆ ಸಾಮಾನ್ಯದ ಸಾಧನೆಯಲ್ಲ. ಮದುವೆಮನೆಯ ಪಂಕ್ತಿಯಲ್ಲಿ ಸಕ್ಕರೆ ಕಾಯಿಲೆಯ ಗಂಡಸರೆಲ್ಲ ಒಟ್ಟಿಗೆ ಕೂತು, "ನಾವು ತಿನ್ನೋ ಹಾಗಿಲ್ಲ ಕಣಪ್ಪಾ" ಎಂದು ಎಲೆಯ ಮೇಲೆ ಕೈ ಅಡ್ಡ ಹಿಡಿದು, ಬೆರಳ ಸಂದಿಯಿಂದ ಎರಡು ಹೋಳಿಗೆ ಹಾಕಿಸಿಕೊಳ್ಳುತ್ತಿದ್ದರು.

ಅಜ್ಜಿಗೆ ಕಾಯಿಲೆಯ ಮೂಲ ಗೊತ್ತಿತ್ತು. "ಹರಕೆ ಬಾಕಿ ಇದೆಯಲ್ಲ, ಅದಕ್ಕೇ."

ಅಮ್ಮ ಬಿಡಲಿಲ್ಲ. "ಹಾಗಾದ್ರೆ ನಾಳೇನೇ ತೂಗಿಸಿಬಿಡೋಣ ಅತ್ತೆ. ಅಲ್ಲಿಗೆ ಮುಗೀತು. ಆಮೇಲೆ ಡಾಕ್ಟರು ಹೇಳಿದ ಹಾಗೆ ಇಳಿಸ್ಕೊಳ್ಳಲಿ."

"ಕಾಯಿಲೆ ಮೈನ ದೇವರಿಗೆ ತೂಗಿಸ್ತಾರೇನೇ? ವಾಸಿಯಾಗ್ಲಿ."

ವಾಸಿಯಾಗಬೇಕಾದರೆ ಹರಕೆ ತೀರಬೇಕು, ಹರಕೆ ತೀರಬೇಕಾದರೆ ವಾಸಿಯಾಗಬೇಕು. ಅಮ್ಮ ಸೀದಾ ಅಡುಗೆಮನೆಗೆ ಹೋದಳು.

ಅಡುಗೆಮನೆಯಲ್ಲಿ ಅಮ್ಮನ ಯುದ್ಧ ಶುರುವಾಯಿತು. ನಮ್ಮಂಥವರ ಮನೆಯಲ್ಲಿ ಮುದ್ದೆ ಮಾಡುವ ರೂಢಿ ಇರಲಿಲ್ಲ. ಅದು ಹೊಲದಲ್ಲಿ ದುಡಿಯುವವರ ಊಟ ಎಂದು ಮೂಗು ಮುರಿದೇ ಬೆಳೆದ ಜನ ನಾವು. ಬಿಳೇಕಹಳ್ಳಿಯಿಂದ ಸೊಪ್ಪಿನ ಕುಕ್ಕೆ ಹೊತ್ತು ಬರುತ್ತಿದ್ದ ಹೆಂಗಸನ್ನು ಅಮ್ಮ ಹಿತ್ತಿಲ ಕಟ್ಟೆಯ ಮೇಲೆ ಕೂರಿಸಿ ಮುದ್ದೆಯ ಪಾಠ ಹೇಳಿಸಿಕೊಂಡಳು. ಎಸರು ಕುದಿಯಬೇಕು, ಹಿಟ್ಟು ಗುಡ್ಡೆಯಾಗಿ ನಿಲ್ಲಬೇಕು, ಆಮೇಲೆ ಕೋಲಿನಿಂದ ತಿರುವಬೇಕು. ಸೊಪ್ಪಿನವಳು ಅಷ್ಟು ದೂರ ನಡೆದು ಬಂದು, ಹತ್ತು ಬೀದಿ ಸುತ್ತಿ, ಮತ್ತೆ ನಡೆದು ಹೋಗುವವಳು. ಮೈಯಲ್ಲಿ ಒಂದು ಹಿಡಿ ಕೊಬ್ಬಿರಲಿಲ್ಲ.

"ಯಜಮಾನ್ರಿಗೆ ಮುದ್ದೆ ಯಾಕವ್ವ? ಅಷ್ಟ್ ಚೆಂದಾಗಿ ಮೈ ತುಂಬ್ಕಂಡವ್ರೆ" ಎಂದಳು ಅವಳು.

"ಅದನ್ನ ಇಳಿಸೋಕೇ" ಎಂದಳು ಅಮ್ಮ.

ಸೊಪ್ಪಿನವಳು ನಕ್ಕು ನಕ್ಕು ಸಾಕಾಗಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಇಳಿಸಿಕೊಳ್ಳಲೆಂದು ಉಣ್ಣುವವರನ್ನು ಅವಳು ಹುಟ್ಟಿದಾಗಿನಿಂದ ಕಂಡಿರಲಿಲ್ಲ.

ಮೊದಮೊದಲು ಅಪ್ಪ ಮುದ್ದೆ ನುಂಗಲಾರದೆ ಕಣ್ಣಲ್ಲಿ ನೀರು ತಂದುಕೊಂಡ. ಎರಡು ವಾರದಲ್ಲಿ ಅದೇನಾಯಿತೋ, ಮುದ್ದೆ ಅವನಿಗೆ ರುಚಿಸತೊಡಗಿತು. "ಇನ್ನೊಂದು ಹಾಕೇ" ಎಂದು ಕೇಳತೊಡಗಿದ. ಅಮ್ಮನ ಮುಖ ಅರಳಿತು. ಅಷ್ಟು ವರ್ಷದಲ್ಲಿ ಅವಳು ಮಾಡಿದ ಯಾವ ಅಡುಗೆಗೂ ಅಪ್ಪ ಅಷ್ಟು ಆಸೆಪಟ್ಟಿರಲಿಲ್ಲ.

ನಿಜ ಗೊತ್ತಾದದ್ದು ನನಗೆ. ಆಗ ನನಗೆ ಹದಿನೆಂಟು, ಕಾಲೇಜಿಗೆ ಹೋಗುತ್ತಿದ್ದೆ. ಒಂದು ಮಧ್ಯಾಹ್ನ ಅಮ್ಮ ರೇಷನ್ನಿಗೆ ಹೋಗಿದ್ದಾಗ ಅಡುಗೆಮನೆಗೆ ಹೋದರೆ, ಅಜ್ಜಿ ಮುಚ್ಚಿಟ್ಟ ಮುದ್ದೆಯನ್ನು ಎರಡು ಹೋಳು ಮಾಡಿ, ನಡುವೆ ಗುಳಿ ತೋಡಿ, ಒಂದು ದೊಡ್ಡ ಬೆಲ್ಲದ ಉಂಡೆ ಇಟ್ಟು, ಮೇಲೆ ತುಪ್ಪ ಬಿಟ್ಟು, ಒದ್ದೆ ಕೈಯಿಂದ ಮುದ್ದೆಯನ್ನು ಮತ್ತೆ ನುಣ್ಣಗೆ ಕೂಡಿಸುತ್ತಿದ್ದಳು. ನನ್ನನ್ನು ನೋಡಿ ತುಟಿಯ ಮೇಲೆ ಬೆರಳಿಟ್ಟಳು. ನನಗೆ ನಗು ತಡೆಯಲಾಗಲಿಲ್ಲ. ಡಾಕ್ಟರನ್ನೂ ಅಮ್ಮನನ್ನೂ ಒಂದೇ ಉಂಡೆಯಲ್ಲಿ ಸೋಲಿಸಿದ ಮುದುಕಿ! ಕಾಲೇಜಿನಲ್ಲಿ ಗೆಳತಿಯರಿಗೆಲ್ಲ ಹೇಳಿ ನಗಿಸಿದೆ. ಅಮ್ಮನೊಬ್ಬಳಿಗೆ ಹೇಳಲಿಲ್ಲ.

ತಿಂಗಳು ತಿಂಗಳೂ ಡಾಕ್ಟರ ನಳಿಕೆ ಇಟ್ಟಿಗೆಯ ಕೆಂಪಿಗೇ ನಿಲ್ಲುತ್ತಿತ್ತು. "ಮುದ್ದೆ ತಿಂದೂ ಹೀಗಾಗುತ್ತೆ ಅಂದ್ರೆ ಆಶ್ಚರ್ಯ" ಎಂದು ಅವರು ತಲೆ ಕೆರೆದುಕೊಂಡರು. ಸೂಜಿ ಶುರುಮಾಡಿದರು. ಅಮ್ಮ ದಿನಾ ಬೆಳಗ್ಗೆ ಗಾಜಿನ ಸಿರಿಂಜನ್ನು ಕುದಿಯುವ ನೀರಿನಲ್ಲಿ ಹಾಕಿ, ಅಪ್ಪನ ತೋಳಿಗೆ ಚುಚ್ಚುತ್ತಿದ್ದಳು. ಅದೇ ಒಲೆಯ ಇನ್ನೊಂದು ಕಡೆ ಅಜ್ಜಿ ತುಪ್ಪ ಕಾಯಿಸುತ್ತಿದ್ದಳು. ನಾನು ಇಬ್ಬರನ್ನೂ ನೋಡಿ ಕಾಲೇಜಿಗೆ ಹೋಗುತ್ತಿದ್ದೆ.

ನಡಿಗೆಯೂ ಶುರುವಾಗಿತ್ತು. ಅಪ್ಪ ಬಿಳಿ ಕ್ಯಾನ್ವಾಸ್ ಬೂಟು ಕೊಂಡುಕೊಂಡು, ಸೂಪರಿಂಟೆಂಡೆಂಟರ ಜತೆ ಲಾಲ್‌ಬಾಗಿಗೆ ಹೋಗಿ, ಅರ್ಧ ಸುತ್ತು ನಡೆದು, ಉಳಿದರ್ಧ ಸುತ್ತಿನ ಹೊತ್ತನ್ನು ಹತ್ತಿರದ ಹೋಟೆಲಿನ ಮಸಾಲೆ ದೋಸೆಯ ಮುಂದೆ ಕಳೆದು ಬರುತ್ತಿದ್ದ. ಆ ಹೊಸ ಬೂಟು ಎಡಗಾಲಿನ ಹಿಮ್ಮಡಿ ಕಚ್ಚಿತು. ಸಣ್ಣ ಗುಳ್ಳೆ. ಅಪ್ಪನಿಗೆ ನೋವೇ ಗೊತ್ತಾಗಲಿಲ್ಲ. ಅಜ್ಜಿ ಅರಿಸಿನ ಹಚ್ಚಿದಳು. ಹದಿನೈದು ದಿನ ಕಳೆದ ಮೇಲೆ ಕೋಣೆಯಲ್ಲಿ ವಾಸನೆ ಬಂದಾಗ ಅಮ್ಮ ಬಟ್ಟೆ ಬಿಚ್ಚಿ ನೋಡಿದಳು. ಹಿಮ್ಮಡಿ ಕಪ್ಪಾಗಿತ್ತು. ಆಸ್ಪತ್ರೆಯಲ್ಲಿ ಮೊದಲು ಪಾದದ ಮಾತಾಡಿದರು, ನಾಲ್ಕು ದಿನವಾದ ಮೇಲೆ ಮೊಣಕಾಲಿನ ಕೆಳಗೆ ಕತ್ತರಿಸಿದರು.

ಅಪ್ಪ ಎರಡು ತಿಂಗಳು ಆಸ್ಪತ್ರೆಯ ಗಂಜಿ ಕುಡಿದು, ಊರುಗೋಲು ಹಿಡಿದು ಮನೆಗೆ ಬಂದ. ಡಾಕ್ಟರು ಇಳಿಸು ಇಳಿಸು ಎಂದು ಬೇಡಿಕೊಂಡಿದ್ದ ಮೈ ಒಂದೇ ಸಲಕ್ಕೆ ಇಳಿದಿತ್ತು. ಬಾಗಿಲಲ್ಲಿ ನಿಂತ ಅವನನ್ನು ಅಜ್ಜಿ ಬಹಳ ಹೊತ್ತು ನೋಡಿದಳು. ಕಾಲಿನ ಕಡೆ ನೋಡಲಿಲ್ಲ. ಕತ್ತಿನ ಎಲುಬನ್ನು ನೋಡಿದಳು. ಆಮೇಲೆ ಮೊದಲ ಸಲ ಹೇಳಿದಳು, "ಈ ಶುಕ್ರವಾರವೇ ತೂಗಿಸೋಣ. ಇನ್ನು ಕಾಯೋದು ಬೇಡ."

ಹತ್ತು ವರ್ಷದಿಂದ ಆ ಮಾತಿಗೆ ಕಾದಿದ್ದ ಅಮ್ಮ ಅಪ್ಪನಿಗೆ ಕುರ್ಚಿ ತರಲು ಒಳಗೆ ಹೋದಳು.

ಶುಕ್ರವಾರ ಡಿಪೋದವನು ತನ್ನ ಕಂಬ, ಸರಪಳಿ, ತಟ್ಟೆಗಳನ್ನು ಗಾಡಿಯಲ್ಲಿ ತಂದು ಗುಡಿಯ ಅಂಗಳದಲ್ಲಿ ನಿಲ್ಲಿಸಿದ. ತಟ್ಟೆಯನ್ನು ತೊಳೆದು ಅರಿಸಿನ ಕುಂಕುಮ ಹಚ್ಚಿದ್ದ. ಬೀದಿಯ ದೊಡ್ಡ ಹೊಟ್ಟೆಗಳೆಲ್ಲ ಬಂದು ನಿಂತಿದ್ದವು. ಅಪ್ಪನನ್ನು ಇಬ್ಬರು ಎತ್ತಿ ಕೂರಿಸಿದರು. ಅವನ ಊರುಗೋಲನ್ನು ನಾನು ಹಿಡಿದುಕೊಂಡೆ, ಮುಂಚೆ ಕೋಟು ಹಿಡಿದುಕೊಳ್ಳುತ್ತಿದ್ದ ಹಾಗೆ. ಅರ್ಚಕರು ಮಂತ್ರ ಹೇಳುತ್ತಿದ್ದಂತೆ ಅಮ್ಮ ಇನ್ನೊಂದು ತಟ್ಟೆಗೆ ಬೆಲ್ಲದ ಅಚ್ಚುಗಳನ್ನು ಒಂದೊಂದಾಗಿ ಇಟ್ಟಳು. ಎರಡು ತಟ್ಟೆಯೂ ಅಲುಗಾಡಿ ಸಮಕ್ಕೆ ನಿಂತವು.

"ಸಮ ಆಯ್ತು" ಎಂದರು ಅರ್ಚಕರು.

"ಇಲ್ಲ" ಎಂದಳು ಅಜ್ಜಿ. "ನಾನು ಹರಕೆ ಹೊತ್ತಾಗ ನನ್ನ ಮಗನಿಗೆ ಎರಡು ಕಾಲಿದ್ದವು."

ಅಜ್ಜಿ ಡಿಪೋದವನ ಕಡೆ ತಿರುಗಿ, "ನೀನು ಇಷ್ಟು ವರ್ಷ ತೂಗಿದೀಯ. ಎಷ್ಟಿರುತ್ತೆ ಹೇಳು" ಎಂದಳು. ಅವನು ಅಪ್ಪನ ಉಳಿದ ಕಾಲನ್ನು ಒಂದು ಸಲ ನೋಡಿ, ತಲೆ ತಗ್ಗಿಸಿ, "ಐದು ಕೆಜಿ ಬರುತ್ತೆ ಅಮ್ಮಾವ್ರೆ" ಎಂದ. ಅಜ್ಜಿ ತಾನೇ ಬಗ್ಗಿ ಐದು ಕೆಜಿಯ ಬೆಲ್ಲದ ಅಚ್ಚುಗಳನ್ನು ಎತ್ತೆತ್ತಿ ರಾಶಿಯ ಮೇಲೆ ಇಟ್ಟಳು. ಬೆಲ್ಲದ ತಟ್ಟೆ ನೆಲ ಮುಟ್ಟಿತು. ಅಪ್ಪ ಮೇಲಕ್ಕೆ ಹೋಗಿ, ಸರಪಳಿ ಹಿಡಿದುಕೊಂಡು, ಒಂದು ಕಾಲು ಇಳಿಬಿಟ್ಟು ತೂಗಾಡಿದ.

ದೇವರಿಗೆ ಮೋಸವಾಗಲಿಲ್ಲ.

ಅಪ್ಪನನ್ನು ಇಳಿಸಿದ ಮೇಲೆ ಅಜ್ಜಿ ರಾಶಿಯಿಂದ ಒಂದು ತುಂಡು ಮುರಿದು ಅವನ ಬಾಯಿಯ ಹತ್ತಿರ ಹಿಡಿದಳು. "ಪ್ರಸಾದ ಕಣೋ ಮಗು. ಬೇಡ ಅನ್ನಬಾರದು." ಅಪ್ಪ ಬಾಯಿ ತೆರೆದ. ಮತ್ತೆ ಅದೇ, ಅಮ್ಮನ ಮನಸ್ಸು ಯಾಕೆ ನೋಯಿಸೋದು.

ನನಗೆ ಎಲ್ಲಿತ್ತೋ ಸಿಟ್ಟು, "ಮುದ್ದೆಯೊಳಗೆ ಇಟ್ಟು ತಿನ್ನಿಸಿದ್ದು ಸಾಲದೇನಜ್ಜಿ?" ಎಂದು ಕಿರುಚಿಬಿಟ್ಟೆ.

ಅಜ್ಜಿಯ ಕೈ ಅಲ್ಲೇ ನಿಂತಿತು. ಅಪ್ಪ ಬಾಯಿ ಮುಚ್ಚಿದ. ಅಮ್ಮ ಅವರಿಬ್ಬರ ಕಡೆ ನೋಡಲಿಲ್ಲ, ನನ್ನ ಕಡೆ ನೋಡಿದಳು.

"ನಿಂಗೆ ಗೊತ್ತಿತ್ತಾ?"

ನಾನು ಊರುಗೋಲನ್ನು ಅಪ್ಪನ ಕಡೆಗೆ ಚಾಚಿದೆ. ಅಮ್ಮ ತಟ್ಟೆಯ ಹತ್ತಿರ ಹೋಗಿ, ಅಜ್ಜಿ ಕೊನೆಗೆ ಇಟ್ಟಿದ್ದ ಐದು ಕೆಜಿಯನ್ನು ಬೇರೆ ತೆಗೆದು ಒಂದು ಬುಟ್ಟಿಗೆ ಹಾಕಿದಳು. "ಇದು ಹರಕೇಲಿ ಇರ್ಲಿಲ್ಲ. ದೇವರಿಗೆ ಸೇರಬೇಕಾದ್ದು ಅಲ್ಲಿದೆ" ಎಂದು ಬುಟ್ಟಿಯನ್ನು ನನ್ನ ಕೈಗೆ ಕೊಟ್ಟಳು. "ಬೀದೀಲಿ ಮನೆಮನೆಗೂ ಹಂಚಿ ಬಾ. ನಮ್ಮನೆಗೆ ಒಂದು ಚೂರೂ ತರಬೇಡ."

ಹಂಚಿದೆ. ಐದು ಕೆಜಿ ಹೊತ್ತುಕೊಳ್ಳಲು ಅಷ್ಟು ಭಾರವಿರುತ್ತದೆಂದು ನನಗೆ ಗೊತ್ತಿರಲಿಲ್ಲ. ಪ್ರತಿಯೊಂದು ಬಾಗಿಲಲ್ಲೂ ಬೆಲ್ಲವನ್ನು ಕಣ್ಣಿಗೊತ್ತಿಕೊಂಡು, ಬಾಯಿಗೆ ಹಾಕಿಕೊಂಡು, ಅಪ್ಪನ ಆರೋಗ್ಯ ವಿಚಾರಿಸಿದರು. ಕೊನೆಯ ಮನೆಯಲ್ಲಿ ಸೂಪರಿಂಟೆಂಡೆಂಟರ ಹೆಂಡತಿ ಎರಡು ತುಂಡು ತೆಗೆದುಕೊಂಡು, ಒಂದನ್ನು ಒಳಗೆ ಗಂಡನಿಗೆ ಕೊಟ್ಟು ಬಂದು, ನನ್ನ ತಲೆ ಸವರಿದರು.

"ನಿಮ್ಮ ತಂದೆ ತುಂಬಾ ಇಳಿದುಹೋಗಿದಾರೆ, ಪಾಪ" ಎಂದರು. "ಚೆನ್ನಾಗಿ ತಿನ್ನಿಸೋಕೆ ಹೇಳಮ್ಮಾ ಮನೇಲಿ."